ಖಾತೆಯೂ ಪತ್ತೂ

2025ನೆಯ ಇಸವಿಯ ನವೆಂಬರ್ ಮಾಸದಲ್ಲಿ, ಹಿಂದೆ ಟ್ವಿಟರ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿ ಈಗ ಎಕ್ಸ್ ಎಂದು ಕರೆಯಿಸಿಕೊಳ್ಳುತ್ತಿರುವ ಸಂಸ್ಥೆಯವರು, ತಮ್ಮಲ್ಲಿ ಖಾತೆ ತೆರೆದಿರುವವರ ವಿಷಯವಾಗಿ ಕೆಲವು ಸಂಗತಿಗಳನ್ನು ಬಹಿರಂಗಪಡಿಸಲು ಉಪಕ್ರಮಿಸಿದರು. ಖಾತೆಯು ಯಾವ ದೇಶದಲ್ಲಿ ಅಥವಾ ಯಾವ ಪ್ರಾಂತದಲ್ಲಿ ನೆಲೆಗೊಂಡಿರುವುದು, ಎಂದು ತೆರೆಯಲ್ಪಟ್ಟಿತು, ಎಷ್ಟು ಸಲ ಹೆಸರು ಬದಲಾಯಿಸಿಕೊಂಡಿತು ಎಂಬಿವೇ ಆ ಸಂಗತಿಗಳು. ಪರದೆ ಸರಿಯುತ್ತಲೇ ಕಂಡ ನೋಟವು ವಿನೋದಕರವೂ ಹೌದು, ವಿಷಾದಕರವೂ ಹೌದು. ಅಮೆರಿಕಾ ದೇಶದ ಕಟ್ಟಾ ದೇಶಭಕ್ತರೆಂದು ಧ್ವಜವನ್ನು ಹಣೆಗೆ ಕಟ್ಟಿಕೊಂಡು, ಲಕ್ಷಾಂತರ ಜನರಿಂದ ಶಹಬಾಸ್‌ಗಿರಿ ಪಡೆಯುತ್ತಿದ್ದ ಎಷ್ಟೋ ಖಾತೆಗಳು ಆ ಖಂಡದಲ್ಲಿಯೇ ಇರಲಿಲ್ಲ. ಸಮುದ್ರದಾಚೆಯ ಯಾವುದೋ ಊರಿನ ಕೋಣೆಯಲ್ಲಿ ಕುಳಿತು ಹೊಟ್ಟೆಪಾಡಿಗಾಗಿ ಪರದೇಶದ ಕೋಪವನ್ನು ಬರೆಯುತ್ತಿದ್ದವರು ಬಹು ಮಂದಿ. ಈ ಸ್ಥಳಸೂಚನೆಯೂ ಎಲ್ಲ ವೇಳೆಯಲ್ಲಿಯೂ ನಿಖರವಲ್ಲವೆಂದು ಸಂಸ್ಥೆಯವರೇ ಒಪ್ಪಿಕೊಳ್ಳಬೇಕಾಯಿತು. ಅದಂತಿರಲಿ.

ಈ ಸುದ್ದಿಯನ್ನು ಓದಿ ನಮ್ಮ ನಗರದ ಸಭ್ಯರನೇಕರು, ಇದು ಅಮೆರಿಕಾದವರ ಗೊಡವೆಯೆಂದು ಮಗ್ಗುಲಿಗೆ ಸರಿಸಿರಬಹುದು. ನಮಗೆ ಹಾಗೆ ತೋರುವುದಿಲ್ಲ. ಕಣ್ಣಿಗೆ ಕಾಣದವನ ಮಾತನ್ನು ಯಾವ ಆಧಾರದಿಂದ ನಂಬಬೇಕು ಎಂಬ ಪ್ರಶ್ನೆಯು ದಾವಣಗೆರೆಯ ಮಂಡಿಪೇಟೆಯ ಕಟ್ಟೆಯ ಮೇಲೆ ಬಹುಕಾಲದಿಂದ ವಿಚಾರಣೆಯಾಗುತ್ತ ಬಂದಿರುವ ಪ್ರಶ್ನೆ. ಪೇಟೆಯ ಮಾತಿನಲ್ಲಿ ಅದಕ್ಕೆ ಪತ್ತು ಎಂದು ಹೆಸರು. ಪತ್ತಿನ ಸಹಕಾರ ಸಂಘವೆಂಬ ಫಲಕವನ್ನು ದಿನವೂ ನೋಡುವ ನಮ್ಮ ತರುಣರಲ್ಲಿ ಎಷ್ಟು ಮಂದಿ ಆ ಪದದ ಅರ್ಥವನ್ನು ಯೋಚಿಸಿರುವರೋ ತಿಳಿಯದು. ಪತ್ತೆಂದರೆ ಹಣವಲ್ಲ, ಹಣವಿಲ್ಲದಿರುವಾಗಲೂ ಸರಕು ದೊರೆಯುವಂತೆ ಮಾಡುವ ನಂಬುಗೆ.

ನಮ್ಮ ಬಾಲ್ಯದಲ್ಲಿ ಈ ನಗರದ ಹತ್ತಿಯ ಗಿರಣಿಗಳು ಇನ್ನೂ ಓಡುತ್ತಿದ್ದವು. ಹೊರ ಊರಿನಿಂದ ಹೊಸದಾಗಿ ಬಂದ ಖರೀದಿದಾರನಿಗೆ ದಲಾಲಿ ಅಂಗಡಿಯವರು ಮೊದಲನೆಯ ದಿನವೇ ಉದ್ರಿ ಕೊಡುತ್ತಿರಲಿಲ್ಲ. ಮೊದಲು ನಗದು. ಎರಡು ಮೂರು ಸಲ ನಗದು ವ್ಯವಹಾರವಾದ ಮೇಲೆ ನಾಲ್ಕೆಂಟು ಅಂಡಿಗೆಯ ಮಟ್ಟಿಗೆ ಎಂಟು ದಿನಗಳ ವಾಯಿದೆ. ಆ ವಾಯಿದೆಗೆ ಸರಿಯಾಗಿ ಹಣ ಬಂದರೆ ಮುಂದಿನ ಸಲ ಹದಿನೈದು ದಿನ. ನಡುವೆ ಅವನು ಎಲ್ಲಿ ಇಳಿದುಕೊಳ್ಳುವನು, ಯಾರೊಡನೆ ಕುಳಿತು ಊಟ ಮಾಡುವನು, ಹಮಾಲರಿಗೆ ಕೂಲಿಯನ್ನು ಚೌಕಾಸಿಯಿಲ್ಲದೆ ಕೊಡುವನೇ ಇಲ್ಲವೇ ಎಂಬುದನ್ನೆಲ್ಲ ಯಾರೂ ಹೇಳದೆಯೇ ಎಲ್ಲರೂ ನೋಡುತ್ತಿದ್ದರು. ಪರಿಚಯದ ಪತ್ರ ತಂದಿದ್ದರೆ ದಾರಿ ಹತ್ತಿರವಾಗುತ್ತಿತ್ತು. ಆದರೆ ಆ ಪತ್ರ ಬರೆದವನ ಪತ್ತೂ ಅದರೊಡನೆ ಪಣಕ್ಕೆ ಬೀಳುತ್ತಿತ್ತು. ಹತ್ತು ವರ್ಷದಲ್ಲಿ ಗಳಿಸಿದ ಪತ್ತು ಒಂದು ಹುಂಡಿ ಹಿಂದಿರುಗಿದ ದಿನ ಸಾಯಂಕಾಲದೊಳಗೆ ಕರಗಿಹೋಗುತ್ತಿದ್ದುದನ್ನೂ ನಾವು ಬಲ್ಲೆವು.

ಇಷ್ಟು ಪೀಠಿಕೆಯನ್ನು ಹಾಕಿದ ಕಾರಣವೇನೆಂದರೆ, ಇಂಟರ್‌ನೆಟ್ಟಿನ ಚರ್ಚಾಸ್ಥಾನಗಳನ್ನು ಕಟ್ಟಿದ ಚತುರರು ಕಂಡುಹಿಡಿದಿರುವ ಉಪಾಯಗಳಲ್ಲಿ ಈ ಮಂಡಿಯ ಉಪಾಯಕ್ಕಿಂತ ಭಿನ್ನವಾದುದು ಬಹು ಕಡಿಮೆ. ಡಿಸ್ಕೋರ್ಸ್ ಎಂಬ ತಂತ್ರಾಂಶವನ್ನು ಉಪಯೋಗಿಸುವ ಸಾವಿರಾರು ಚರ್ಚಾಮಂಡಲಿಗಳಲ್ಲಿ ಹೊಸಬನನ್ನು ಸೊನ್ನೆಯ ಮೆಟ್ಟಿಲಿನಲ್ಲಿ ನಿಲ್ಲಿಸುವರು. ಅವನು ಐದು ವಿಷಯಗಳನ್ನು ತೆರೆದು, ಮೂವತ್ತು ಬರಹಗಳನ್ನು ಓದಿ, ಒಟ್ಟು ಹತ್ತು ನಿಮಿಷವಾದರೂ ಕುಳಿತಿದ್ದ ಹೊರತು ಮೊದಲನೆಯ ಮೆಟ್ಟಿಲಿಗೆ ಏರುವಂತಿಲ್ಲ. ಇದು ಸಾಧಾರಣವಾಗಿ ಇರುವ ಏರ್ಪಾಡು. ಮುಂದಿನ ಮೆಟ್ಟಿಲುಗಳಿಗೆ ದಿನಗಳೂ ವಾರಗಳೂ ಬೇಕು. ಬಾಯಿ ತೆರೆಯುವುದಕ್ಕೆ ಮುನ್ನ ಕಿವಿ ತೆರೆಯಬೇಕೆಂಬ ಈ ನಿಯಮವು ನಮಗೆ ಬಹಳ ಮೆಚ್ಚಿಗೆಯಾಯಿತು. 2008ನೆಯ ಇಸವಿಯಲ್ಲಿ ಹುಟ್ಟಿದ ಸ್ಟಾಕ್ ಓವರ್‌ಫ್ಲೋ ಎಂಬ ಕಡೆ ಯಂತ್ರಗಣಕದ ಕೆಲಸದವರು ಪರಸ್ಪರ ಪ್ರಶ್ನೋತ್ತರ ನಡೆಸುವರು. ಅಲ್ಲಿ ಒಬ್ಬನ ಉತ್ತರವನ್ನು ಮೆಚ್ಚಿ ಮತ ಹಾಕಲು 15 ಅಂಕಗಳ ಪತ್ತು ಸಾಕು. ತೆಗಳುವ ಮತ ಹಾಕಲು 125 ಬೇಕು. ಅಷ್ಟೇ ಅಲ್ಲ, ಇನ್ನೊಬ್ಬನ ಉತ್ತರವನ್ನು ತೆಗಳಿದವನು ತನ್ನ ಗಂಟಿನಿಂದಲೂ ಒಂದು ಅಂಕವನ್ನು ತೆರಬೇಕು. ನಮ್ಮ ಮಹಾನಗರಪಾಲಿಕೆಯ ಸಭೆಗಳಲ್ಲಿ ಇಂಥದೊಂದು ನಿಬಂಧನೆ ಬಂದರೆ ಸಭೆಯು ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಮುಗಿದುಹೋದೀತು.

ವಿಕಿಪೀಡಿಯವೆಂಬ ಸಾರ್ವಜನಿಕ ವಿಶ್ವಕೋಶದ ರೀತಿಯು ಮತ್ತೊಂದು. ಅದರ ಕನ್ನಡ ಶಾಖೆಯು 2003ನೆಯ ಇಸವಿಯಿಂದ ನಡೆದು ಬಂದಿರುವುದು. ಅಲ್ಲಿ ಬರೆಯುವವನ ನಿಜನಾಮವನ್ನು ಯಾರೂ ಕೇಳುವುದಿಲ್ಲ. ಆದರೆ ಅವನು ತೆಗೆದ, ಸೇರಿಸಿದ, ತಿದ್ದಿದ ಪ್ರತಿಯೊಂದು ಅಕ್ಷರವೂ ದಿನಾಂಕ, ಗಂಟೆ, ನಿಮಿಷಗಳೊಡನೆ ಎಲ್ಲರಿಗೂ ಕಾಣುವಂತೆ ದಾಖಲಾಗಿರುವುದು. ಅಂದರೆ ಆಸಾಮಿಯ ಹೆಸರು ಗುಪ್ತ. ಅವನ ಕಿರ್ದಿ ಬಹಿರಂಗ. ನಮ್ಮ ಕಚೇರಿಗಳಲ್ಲಿ ಸಾಮಾನ್ಯವಾಗಿ ಇದರ ವಿಪರ್ಯಾಸವನ್ನೇ ಕಾಣುವೆವು: ಅಧಿಕಾರಿಯ ಹೆಸರು ಬಾಗಿಲಿನ ಮೇಲೆ ದೊಡ್ಡದಾಗಿ ಬರೆದಿರುವುದು, ಕಡತ ಮಾತ್ರ ಕಣ್ಣಿಗೆ ಬೀಳದು.

ಆದರೆ ಪತ್ತನ್ನು ಅಳೆಯುವ ಯಾವ ಕೊಳಗವನ್ನು ಮಾಡಿದರೂ, ಆ ಕೊಳಗಕ್ಕೆ ತಕ್ಕ ಜೊಳ್ಳನ್ನು ತುಂಬುವವರು ಹುಟ್ಟಿಕೊಳ್ಳುವರು. ಖಾತೆಯ ವಯಸ್ಸನ್ನು ನೋಡಿ ನಂಬುವರೆಂದು ತಿಳಿಯುತ್ತಲೇ ಹಳೆಯ ಖಾತೆಗಳ ಕ್ರಯವಿಕ್ರಯ ಪ್ರಾರಂಭವಾಯಿತು. ಹಿಂಬಾಲಕರ ಸಂಖ್ಯೆಯನ್ನು ನೋಡುವರೆಂದಾಗಲೇ ಹಿಂಬಾಲಕರು ಸಾವಿರಕ್ಕಿಷ್ಟೆಂಬ ದರದಲ್ಲಿ ಮಾರಾಟಕ್ಕೆ ಬಂದರು. 2015ನೆಯ ಇಸವಿಯಲ್ಲಿ ಇಂಗ್ಲೀಷಿನ ವಿಕಿಪೀಡಿಯದವರು 381 ಖಾತೆಗಳನ್ನು ಒಂದೇ ಹೊಡೆತಕ್ಕೆ ಮುಚ್ಚಿದರು. ಬೇರೆ ಬೇರೆ ಮನುಷ್ಯರಂತೆ ನಟಿಸುತ್ತಿದ್ದ ಅವೆಲ್ಲ ಒಂದು ಕೂಟದ ಕೈಗೊಂಬೆಗಳಾಗಿದ್ದು, ಸಣ್ಣ ವ್ಯಾಪಾರಿಗಳಿಂದ ಲೇಖನ ಪ್ರಕಟಣೆಗೂ ರಕ್ಷಣೆಗೂ ಹಣ ಕೀಳುತ್ತಿದ್ದವೆಂದು ಹೊರಬಿತ್ತು. ಅದಕ್ಕೂ ಹಿಂದೆ, 2007ನೆಯ ಇಸವಿಯಲ್ಲಿ, ಅದೇ ಕೋಶದಲ್ಲಿ ಎಸ್‌ಜೆ ಎಂಬ ಹೆಸರಿನಿಂದ ಬಹು ದೊಡ್ಡ ಅಧಿಕಾರಕ್ಕೇರಿದ್ದವನೊಬ್ಬನು ತಾನು ಮತಶಾಸ್ತ್ರದ ಪ್ರಾಧ್ಯಾಪಕನೆಂದು ಹೇಳಿಕೊಂಡಿದ್ದುದು ಸುಳ್ಳೆಂದೂ, ಅವನು ಯಾವ ಉನ್ನತ ಪದವಿಯೂ ಇಲ್ಲದ 24 ವರ್ಷದ ಯುವಕನೆಂದೂ ಬಯಲಾಯಿತು. ಈ ಪ್ರಸಂಗದಲ್ಲಿ ವಿಚಾರಿಸತಕ್ಕ ಅಂಶವೊಂದುಂಟು. ಅವನು ಮಾಡಿದ ಸಾವಿರಾರು ತಿದ್ದುಪಡಿಗಳಲ್ಲಿ ಬಹುಭಾಗ ಉಪಯುಕ್ತವಾದುವೇ. ಕೆಲಸದಿಂದ ಬಂದ ಪತ್ತು ಅವನಿಗೆ ಸಾಕಾಗಲಿಲ್ಲ. ಇಲ್ಲದ ಬಿರುದಿನ ಪತ್ತನ್ನು ಹೊದೆದುಕೊಳ್ಳಲು ಹೋಗಿ ಇದ್ದುದನ್ನೂ ಕಳೆದುಕೊಂಡನು.

ಎಲ್ಲಕ್ಕೂ ಮಿಗಿಲಾದ ಪಾಠವು ನೀಲಿ ಗುರುತಿನದು. 2009ನೆಯ ಇಸವಿಯಲ್ಲಿ, ಪ್ರಸಿದ್ಧರ ಹೆಸರಿನಲ್ಲಿ ಕಳ್ಳಖಾತೆಗಳು ಹುಟ್ಟಿ ವ್ಯಾಜ್ಯ ನ್ಯಾಯಾಲಯದವರೆಗೂ ಹೋದ ಬಳಿಕ, ಟ್ವಿಟರಿನವರು ತಾವೇ ವಿಚಾರಿಸಿ ನಿಜವೆಂದು ಕಂಡ ಖಾತೆಗಳಿಗೆ ಒಂದು ಗುರುತನ್ನು ಕೊಡತೊಡಗಿದರು. ಆ ಗುರುತು ಸರ್ಕಾರದ ಮೊಹರಿನಂತೆ ಮಾನ್ಯವಾಯಿತು. 2022ರ ನವೆಂಬರಿನಲ್ಲಿ ಹೊಸ ಯಜಮಾನರು ಬಂದು, ತಿಂಗಳಿಗೆ ಎಂಟು ಡಾಲರು ಕೊಟ್ಟವರಿಗೆಲ್ಲ ಅದೇ ಗುರುತನ್ನು ಹಂಚಲು ಹೊರಟರು. ಕೆಲವೇ ದಿನಗಳಲ್ಲಿ ಎಲಿ ಲಿಲ್ಲಿ ಎಂಬ ಔಷಧ ಸಂಸ್ಥೆಯ ಹೆಸರನ್ನು ಧರಿಸಿದ ಕಳ್ಳಖಾತೆಯೊಂದು, ನೀಲಿ ಗುರುತಿನ ಸಮೇತವಾಗಿ, ಇನ್ಸುಲಿನ್ ಇನ್ನು ಧರ್ಮಾರ್ಥವೆಂದು ಸಾರಿತು. ನಿಜವಾದ ಸಂಸ್ಥೆಯವರು ಕ್ಷಮೆ ಬೇಡಿ ಅದನ್ನು ಅಲ್ಲಗಳೆಯಬೇಕಾಯಿತು. 2023ರ ಏಪ್ರಿಲಿನಲ್ಲಿ ಹಳೆಯ ಗುರುತುಗಳನ್ನು ಕಿತ್ತುಹಾಕಿದರು. ಮೊಹರನ್ನು ಅಂಗಡಿಯಲ್ಲಿ ಮಾರಿದ ಮೇಲೆ ಮೊಹರಿನಿಂದ ತಿಳಿಯುವುದಿಷ್ಟೇ: ಇವನು ಹಣ ಕೊಟ್ಟಿರುವನು.

ಇಂಥ ಕೂಟಸೃಷ್ಟಿಯು ಈ ಯುಗದ ಪಾಪವೆಂದು ಯಾರಾದರೂ ಭಾವಿಸಿದರೆ ಅವರು ಒಮ್ಮೆ ಹರಿಹರಕ್ಕೆ ಹೋಗಿಬರಬಹುದು. ಹೊಯ್ಸಳರ ಎರಡನೆಯ ನರಸಿಂಹನ ಕಾಲದಲ್ಲಿ, 1224ರ ಸುಮಾರಿಗೆ, ದಂಡನಾಯಕ ಪೋಲಾಳ್ವನು ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಆವರಣದಲ್ಲಿ ಆಳೆತ್ತರದ ಶಾಸನಗಳು ಸಾಲಾಗಿ ನಿಂತಿರುವುವು. ಕಲ್ಲು ನಿಂತ ನೆಲದಿಂದ ಕದಲುವುದಿಲ್ಲ. ಊರವರೆಲ್ಲ ಅದಕ್ಕೆ ಸಾಕ್ಷಿ. ತಾಮ್ರಶಾಸನ ಹಾಗಲ್ಲ, ಅದನ್ನು ಬಗಲಲ್ಲಿಟ್ಟುಕೊಂಡು ಎಲ್ಲಿಗಾದರೂ ಹೋಗಬಹುದು. ಆದಕಾರಣ ಭೂಮಿಯ ಮೇಲಿನ ಹಕ್ಕಿಗಾಗಿ, ಪ್ರಾಚೀನ ರಾಜರ ಹೆಸರಿನಲ್ಲಿ ಕೂಟಶಾಸನಗಳನ್ನು ಬರೆಯಿಸಿದವರು ನಮ್ಮ ದೇಶದಲ್ಲಿ ಧಾರಾಳವಾಗಿದ್ದರು. ಗಂಗರ ತಾಮ್ರಪಟಗಳ ವಿಷಯದಲ್ಲಿ ಫ್ಲೀಟ್ ಸಾಹೇಬರಿಗೂ ಮೈಸೂರಿನ ಲೂಯಿ ರೈಸ್ ಸಾಹೇಬರಿಗೂ ವರ್ಷಗಟ್ಟಲೆ ನಡೆದ ವಾಗ್ವಾದವು ಪ್ರಸಿದ್ಧವಾದುದು. ಅವುಗಳಲ್ಲಿ ಬಹಳಷ್ಟು ಕೂಟವೆಂದು ಫ್ಲೀಟರು, ಅಲ್ಲವೆಂದು ರೈಸರು. ಯಾರ ಪಕ್ಷ ಎಷ್ಟು ಸರಿ ಎಂಬುದನ್ನು ಪಂಡಿತರಿಗೆ ಬಿಡೋಣ. ನಾವು ಗಮನಿಸತಕ್ಕದ್ದು ಅವರು ಹಿಡಿದ ಪರೀಕ್ಷಾಕ್ರಮ. ಶಾಸನವು ತಾನು ಯಾರದೆಂದು ಹೇಳಿಕೊಳ್ಳುವುದೋ ಅದಕ್ಕೆ ಅವರು ಬೆಲೆ ಕೊಡಲಿಲ್ಲ. ಅಕ್ಷರದ ರೂಪವು ಆ ಶತಮಾನಕ್ಕೆ ಹೊಂದುವುದೇ? ಹೇಳಿದ ತಿಥಿಯಂದು ಹೇಳಿದ ವಾರವೇ ಬಿದ್ದಿತ್ತೇ? ವಂಶಾವಳಿಯು ನಿಸ್ಸಂದೇಹವಾದ ಬೇರೆ ಶಾಸನಗಳೊಡನೆ ಕೂಡುವುದೇ? ಈ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದುದು ಶಾಸನದ ಮೈ, ಅದರ ಬಾಯಿಯಲ್ಲ.

ಶರಣರ ವಚನಗಳ ಕಥೆಯೂ ಇದಕ್ಕೆ ಸಮೀಪವಾದುದೇ. ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣನವರದು, ಗುಹೇಶ್ವರ ಎಂದಿದ್ದರೆ ಅಲ್ಲಮಪ್ರಭುವಿನದು ಎಂದು ಅಂಕಿತದಿಂದ ಕರ್ತೃವನ್ನು ತಿಳಿಯುವುದು ವಾಡಿಕೆ. ಆದರೆ ಅಂಕಿತವನ್ನು ಯಾವನಾದರೂ ಕೊನೆಯಲ್ಲಿ ಸೇರಿಸಬಹುದಷ್ಟೆ? 1923ರಲ್ಲಿ ವಚನಶಾಸ್ತ್ರಸಾರವನ್ನು ಬೆಳಕಿಗೆ ತಂದ ಫ. ಗು. ಹಳಕಟ್ಟಿಯವರೂ ಅವರ ತರುವಾಯದ ಸಂಶೋಧಕರೂ ಮನೆಮನೆಯ ಓಲೆಗರಿಗಳನ್ನು ಕೂಡಿಸಿ ತಾಳೆ ನೋಡುತ್ತ ವರ್ಷಗಳನ್ನು ಕಳೆದುದು ಸುಮ್ಮನೆಯಲ್ಲ. ಅಂಕಿತವೆಂದರೆ ಖಾತೆಯ ಹೆಸರು. ಹೆಸರಿನಿಂದ ವಿಚಾರಣೆ ಪ್ರಾರಂಭವಾಗುವುದು, ಮುಗಿಯುವುದಿಲ್ಲ.

ಇದುವರೆಗೆ ಹೇಳಿದುದೆಲ್ಲ ಪಂಡಿತರಿಗೂ ವರ್ತಕರಿಗೂ ಸಂಬಂಧಿಸಿದುದಾದರೆ ನಾವು ಇಷ್ಟು ಅಂಕಣವನ್ನು ವ್ಯಯಮಾಡುತ್ತಿರಲಿಲ್ಲ. ಈ ವಿಷಯದಲ್ಲಿ ನಮ್ಮ ನಾಡು ಪ್ರಾಣವನ್ನೇ ತೆತ್ತಿರುವುದು. 2012ನೆಯ ಇಸವಿಯ ಆಗಸ್ಟ್ ಮಧ್ಯದಲ್ಲಿ ಈಶಾನ್ಯ ಪ್ರಾಂತಗಳ ಸಾವಿರ ಸಾವಿರ ಮಂದಿ ಉದ್ಯೋಗಸ್ಥರೂ ವಿದ್ಯಾರ್ಥಿಗಳೂ ಬೆಂಗಳೂರಿನ ರೈಲ್ವೆ ನಿಲ್ದಾಣದಲ್ಲಿ ಗಂಟುಮೂಟೆಗಳೊಡನೆ ನೆರೆದುದನ್ನೂ, ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಗಿ ಬಂದುದನ್ನೂ ವಾಚಕರು ಮರೆತಿರಲಾರರು. ಹಲ್ಲೆಯಾಗುವುದೆಂಬ ಅನಾಮಧೇಯ ಸಂದೇಶಗಳು ಕೈಯಿಂದ ಕೈಗೆ ಹಾರಿದುದೇ ಅದಕ್ಕೆ ಕಾರಣ. ಕೇಂದ್ರ ಸರ್ಕಾರದವರು ಒಮ್ಮೆಗೆ ಐದಕ್ಕಿಂತ ಹೆಚ್ಚು ಮಂದಿಗೆ ಸಂದೇಶ ಕಳುಹಿಸಕೂಡದೆಂದು ಹದಿನೈದು ದಿನಗಳ ನಿರ್ಬಂಧವನ್ನು ಹೊರಡಿಸಿದರು. 2018ರ ಜುಲೈ 13ರಂದು ಬೀದರ ಜಿಲ್ಲೆಯ ಮುರ್ಕಿಯ ಬಳಿ, ಹೈದರಾಬಾದಿನಿಂದ ಬಂದಿದ್ದ ತರುಣರನ್ನು ಮಕ್ಕಳ ಕಳ್ಳರೆಂದು ವಾಟ್ಸಾಪಿನ ಮೂಲಕ ಸಾರಿ, ಗುಂಪು ಕೂಡಿಸಿ, ಅವರಲ್ಲೊಬ್ಬನನ್ನು ಹೊಡೆದು ಕೊಂದರು. ಅವರು ಮಾಡಿದ ತಪ್ಪು ದಾರಿಯಲ್ಲಿ ಕಂಡ ಮಕ್ಕಳಿಗೆ ಮಿಠಾಯಿ ಕೊಟ್ಟುದು. ವಾರದೊಳಗಾಗಿ ವಾಟ್ಸಾಪಿನವರು ಭಾರತದಲ್ಲಿ ಒಂದು ಸಂದೇಶವನ್ನು ಐದು ಕಡೆಗೆ ಮಾತ್ರ ಮುಂದಕ್ಕೆ ಕಳುಹಿಸಬಹುದೆಂದು ಮಿತಿ ಹಾಕುವುದಾಗಿ ಪ್ರಕಟಿಸಿದರು.

ಈ ಎರಡು ದುರಂತಗಳಲ್ಲಿಯೂ ಖಾತೆಯ ವಯಸ್ಸಾಗಲಿ, ಅಂಕವಾಗಲಿ, ನೀಲಿ ಗುರುತಾಗಲಿ ಯಾವ ಉಪಯೋಗಕ್ಕೂ ಬರುತ್ತಿರಲಿಲ್ಲವೆಂಬುದನ್ನು ನಮ್ಮ ಅಧಿಕಾರಿಗಳು ಮನಸ್ಸಿಗೆ ತಂದುಕೊಳ್ಳಬೇಕು. ಸಂದೇಶವು ಬಂದುದು ಅಪರಿಚಿತನಿಂದಲ್ಲ. ಸೋದರಮಾವನಿಂದ, ಸಹೋದ್ಯೋಗಿಯಿಂದ, ಪಕ್ಕದ ಮನೆಯ ಮೇಷ್ಟರಿಂದ. ಮೂಲದಲ್ಲಿ ಬರೆದವನು ಯಾರೋ. ಕೈಗೆ ಕೊಟ್ಟವನು ನಮ್ಮವನು. ಮಂಡಿಯಲ್ಲಿ ಹುಂಡಿಯ ಬೆನ್ನ ಮೇಲೆ ಸಹಿ ಹಾಕಿ ದಾಟಿಸಿದವನು, ಮೂಲದವನು ಕೈಯೆತ್ತಿದರೆ ತಾನು ತೆರಬೇಕೆಂಬುದನ್ನು ಬಲ್ಲನು. ಆದುದರಿಂದ ಸಹಿ ಹಾಕುವ ಮೊದಲು ಎರಡು ಸಲ ಓದುವನು. ಸಂದೇಶವನ್ನು ದಾಟಿಸುವ ನಮ್ಮ ಮಾವನಿಗೆ ತಾನು ಜಾಮೀನು ನಿಂತೆನೆಂಬ ಅರಿವೇ ಇಲ್ಲ. ಕೇಳಿದರೆ, ಬಂದುದನ್ನು ಕಳುಹಿಸಿದೆ, ನನ್ನದೇನಿದೆ ಎನ್ನುವನು. ಐದರ ಮಿತಿಯು ಬೆಂಕಿಯ ವೇಗವನ್ನು ತಗ್ಗಿಸಿರಬಹುದು. ಈ ಮರೆವಿಗೆ ಅದು ಮದ್ದಲ್ಲ.

ಹೀಗಿರುವಲ್ಲಿ, ಪ್ರತಿಯೊಂದು ಖಾತೆಗೂ ನಿಜನಾಮವನ್ನೂ ಆಧಾರ್ ಸಂಖ್ಯೆಯನ್ನೂ ಗಂಟುಹಾಕಿಬಿಟ್ಟರೆ ಎಲ್ಲವೂ ಸರಿಹೋಗುವುದೆಂಬ ಅಭಿಪ್ರಾಯವು ನಮ್ಮ ನಗರದ ವಿದ್ಯಾವಂತರಲ್ಲಿ, ವಿಶೇಷವಾಗಿ ವಿಶ್ರಾಂತಿ ವೇತನದ ಮಹನೀಯರಲ್ಲಿ, ಬಲವಾಗಿ ಕೇಳಿಬರುತ್ತಿರುವುದು. 2018ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯದ ಮುಂದೆಯೂ ಇಂಥ ಕೋರಿಕೆ ಬಂದಿತ್ತು. ನಾವು ಈ ಅಭಿಪ್ರಾಯವನ್ನು ಹಗುರವಾಗಿ ಕಾಣುವವರಲ್ಲ. ಕಳ್ಳಖಾತೆಯಿಂದ ಮಾನ ಕಳೆದುಕೊಂಡವರ ಮನೆಯ ದುಃಖವನ್ನು ನಾವು ಕಂಡಿದ್ದೇವೆ. ಆದರೆ ಈ ಔಷಧವನ್ನು ಒಂದು ದೇಶದವರು ಆಗಲೇ ಕುಡಿದು ನೋಡಿರುವರು. ದಕ್ಷಿಣ ಕೊರಿಯಾದಲ್ಲಿ 2007ನೆಯ ಇಸವಿಯಿಂದ ದೊಡ್ಡ ತಾಣಗಳಲ್ಲಿ ಬರೆಯುವವರೆಲ್ಲ ಸರ್ಕಾರದ ದಾಖಲೆಯ ಹೆಸರಿನಿಂದ ಗುರುತು ಒಪ್ಪಿಸಬೇಕೆಂಬ ಶಾಸನ ಬಂದಿತು. 2011ರಲ್ಲಿ ಅಲ್ಲಿಯ ಒಂದು ದೊಡ್ಡ ಸಂಸ್ಥೆಯ ಉಗ್ರಾಣಕ್ಕೆ ಕನ್ನ ಬಿದ್ದು, ಸುಮಾರು ಮೂರೂವರೆ ಕೋಟಿ ಮಂದಿಯ ಹೆಸರು, ಸಂಖ್ಯೆಗಳು ಕಳ್ಳರ ಪಾಲಾದವು. ಆ ದೇಶದ ಜನಸಂಖ್ಯೆಯೇ ಐದು ಕೋಟಿ. ಬೈಗುಳವು ಗಣನೀಯವಾಗಿ ತಗ್ಗಿದ ಸಾಕ್ಷ್ಯವೂ ದೊರೆಯಲಿಲ್ಲ. 2012ರ ಆಗಸ್ಟ್ 23ರಂದು ಅಲ್ಲಿಯ ಸಂವಿಧಾನ ನ್ಯಾಯಾಲಯವು ಒಕ್ಕೊರಲಿನಿಂದ ಆ ಶಾಸನವನ್ನು ಹೊಡೆದುಹಾಕಿತು. ಸುಳ್ಳುಗಾರರನ್ನು ಹಿಡಿಯಲು ಹಾಕಿದ ಬಲೆಯಲ್ಲಿ ಸತ್ಯವಂತರ ವಿಳಾಸಗಳು ಸಿಕ್ಕಿಬಿದ್ದವು.

ನಮ್ಮ ದೇಶದಲ್ಲಿ 2021ರ ನಿಯಮಗಳು ಮಧ್ಯದ ದಾರಿಯನ್ನು ಹಿಡಿದಿರುವುವು. ಐವತ್ತು ಲಕ್ಷಕ್ಕಿಂತ ಹೆಚ್ಚು ಮಂದಿ ಬಳಸುವ ಸಂಸ್ಥೆಗಳು, ಇಚ್ಛೆಯುಳ್ಳ ಬಳಕೆದಾರರಿಗೆ ತಮ್ಮ ಗುರುತನ್ನು ದೃಢಪಡಿಸಿಕೊಂಡು ಕಾಣುವಂಥ ಚಿಹ್ನೆಯೊಂದನ್ನು ಪಡೆಯಲು ಅವಕಾಶ ಕಲ್ಪಿಸಬೇಕು. ಇಚ್ಛೆಯುಳ್ಳವರಿಗೆ ಎಂಬ ಪದವು ಇಲ್ಲಿ ಮುಖ್ಯವಾದುದು. ಅದನ್ನು ಕಡ್ಡಾಯವೆಂದು ತಿದ್ದುವ ಮೊದಲು ಸರ್ಕಾರದವರು ಮೈಸೂರು ಸೀಮೆಯವರೇ ಆದ ಒಬ್ಬ ಹಿರಿಯರನ್ನು ನೆನೆಯಬೇಕು. ಕರ್ನಾಟಕದ ಉಚ್ಚ ನ್ಯಾಯಾಲಯದಿಂದ ನಿವೃತ್ತರಾಗಿದ್ದ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಎಂಬತ್ತಾರರ ಆಸುಪಾಸಿನ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಅದರ ಫಲವಾಗಿ 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ತೀರ್ಪಿತ್ತರು. 2024ರಲ್ಲಿ ಅವರು ಕಾಲವಾದಾಗ ಈ ನಾಡು ಅವರಿಗೆ ಸಲ್ಲತಕ್ಕ ಗೌರವವನ್ನು ಸಲ್ಲಿಸಿತೆಂದು ನಮಗೆ ತೋರುವುದಿಲ್ಲ.

ಹೆಸರು ಮರೆಸಿಕೊಂಡವರೆಲ್ಲ ಹೇಡಿಗಳೆಂಬ ಮಾತನ್ನು ಕನ್ನಡಿಗರು ಆಡಬಾರದು. ಶ್ರೀನಿವಾಸ, ಅಂಬಿಕಾತನಯದತ್ತ, ವಿನಾಯಕ ಎಂಬ ಹೆಸರುಗಳಿಂದ ಬರೆದವರು ಯಾರೆಂದು ತಿಳಿಯುವುದಕ್ಕೆ ಮುನ್ನವೇ ಓದುಗರು ಆ ಹೆಸರುಗಳನ್ನು ನಂಬಿದ್ದರು. ನಂಬಿದುದು ಬರಹದ ಮೇಲಿನಿಂದ. 1942ರಲ್ಲಿ ರಾತ್ರಿಯ ಕತ್ತಲೆಯಲ್ಲಿ ಅಂಟಿಸಲ್ಪಟ್ಟ ಕರಪತ್ರಗಳ ಕೆಳಗೆ ಯಾವ ಸಹಿಯಿತ್ತು? ಸಹಿಯಿದ್ದಿದ್ದರೆ ಸಹಿ ಹಾಕಿದವನು ಬೆಳಗಾಗುವುದರೊಳಗೆ ಸೆರೆಮನೆಯಲ್ಲಿರುತ್ತಿದ್ದನು. ಇಂದಿಗೂ ತನ್ನ ಕಚೇರಿಯ ಲಂಚದ ಸಂಗತಿಯನ್ನು ಬಯಲಿಗೆಳೆಯುವ ಗುಮಾಸ್ತನೂ, ಗಂಡನ ಮನೆಯ ಹಿಂಸೆಯನ್ನು ಹೇಳಿಕೊಳ್ಳುವ ಹೆಂಗಸೂ ನಿಜನಾಮದಿಂದ ಬರೆಯಬೇಕೆಂದರೆ ಬರೆಯುವುದೇ ಇಲ್ಲ. 2025ರ ಜೂನಿನಲ್ಲಿ ನಮ್ಮ ರಾಜ್ಯ ಸರ್ಕಾರದ ಮಿಥ್ಯಾಸುದ್ದಿ ನಿರೋಧದ ಕರಡೊಂದು ಹೊರಬಿದ್ದು, ಅದರಲ್ಲಿ ಏಳು ವರ್ಷಗಳವರೆಗಿನ ಸೆರೆವಾಸವನ್ನು ಸೂಚಿಸಿದ್ದುದನ್ನು ಕಂಡು ನಾವು ಚಕಿತರಾದೆವು. ಸುಳ್ಳೆಂದರೆ ಯಾವುದೆಂದು ನಿರ್ಣಯಿಸುವ ಅಧಿಕಾರವನ್ನು ಆಳುವವರ ಕೈಗೆ ಕೊಟ್ಟ ಮೇಲೆ, ಖಾತೆಗಳ ಹೆಸರನ್ನೂ ಅವರ ಕೈಗೇ ಒಪ್ಪಿಸುವುದು ಬುದ್ಧಿವಂತಿಕೆಯೇ? ಇಂದಿನ ಸರ್ಕಾರದವರು ಸಜ್ಜನರೆಂದೇ ಇಟ್ಟುಕೊಳ್ಳೋಣ. ನಾಳೆಯವರ ವಿಷಯದಲ್ಲಿ ಜಾಮೀನು ಯಾರು?

ಇನ್ನು ಕನ್ನಡದ ಪ್ರಶ್ನೆ. ಖಾತೆಗಳ ಪತ್ತನ್ನು ತೂಗುವ ಕೆಲಸವನ್ನು ಈ ಸಂಸ್ಥೆಗಳು ಬಹುಮಟ್ಟಿಗೆ ಯಂತ್ರಕ್ಕೆ ಒಪ್ಪಿಸಿರುವುವು. ಆ ಯಂತ್ರಕ್ಕೆ ಕನ್ನಡ ಎಷ್ಟು ಬರುವುದು? 2021ರಲ್ಲಿ ಹೊರಬಿದ್ದ ಫೇಸ್‌ಬುಕ್ ಸಂಸ್ಥೆಯ ಒಳಕಾಗದಗಳ ಸಂಬಂಧದಲ್ಲಿ, ಭಾರತದ 22 ಮಾನ್ಯ ಭಾಷೆಗಳ ಪೈಕಿ ಐದರಲ್ಲಿ ಮಾತ್ರ ತಮ್ಮ ಯಂತ್ರಗಳಿಗೆ ಶಿಕ್ಷಣ ಕೊಟ್ಟಿರುವುದಾಗಿ ಆ ಸಂಸ್ಥೆಯವರು ಹೇಳಿಕೊಂಡಿದ್ದರು. ಅದೇ ವರ್ಷದ ಜೂನಿನಲ್ಲಿ, ಭಾರತದ ಅತ್ಯಂತ ಕುರೂಪವಾದ ಭಾಷೆ ಯಾವುದೆಂದು ಕೇಳಿದವರಿಗೆ ಗೂಗಲ್ ಯಂತ್ರವು ನಮ್ಮ ಭಾಷೆಯ ಹೆಸರನ್ನು ಹೇಳಿತು. ಎರಡು ಸಾವಿರ ವರ್ಷಗಳ ಭಾಷೆಯ ಮೇಲೆ ಈ ತೀರ್ಪನ್ನು ಬರೆದವರು ಯಾರು? ಯಾರಿಗೂ ಗೊತ್ತಿಲ್ಲದ ಒಂದು ಮೂಲೆಯ ತಾಣ. ಯಂತ್ರವು ಅದರ ಕುಲಗೋತ್ರವನ್ನು ವಿಚಾರಿಸದೆ ತನ್ನ ಬಾಯಿಂದಲೇ ಅದನ್ನು ಘೋಷಿಸಿತು. ಕೇಳಿದವರು ಗೂಗಲ್ ಹೇಳಿತೆಂದು ನಂಬಿದರು. ಸಂಸ್ಥೆಯವರು ಕ್ಷಮೆ ಕೇಳಿದರೆಂಬುದು ನಿಜ. 2025ರ ಜುಲೈನಲ್ಲಿ ಇದಕ್ಕಿಂತ ವಿಚಿತ್ರವಾದುದು ನಡೆಯಿತು. ನಟಿ ಬಿ. ಸರೋಜಾದೇವಿಯವರ ನಿಧನಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸಂತಾಪ ಸೂಚಿಸಿದ ಕನ್ನಡ ಪ್ರಕಟಣೆಯನ್ನು ಮೆಟಾ ಸಂಸ್ಥೆಯ ಅನುವಾದಯಂತ್ರವು ಇಂಗ್ಲೀಷಿಗೆ ತಿರುಗಿಸುವಾಗ, ಮುಖ್ಯಮಂತ್ರಿಗಳೇ ತೀರಿಹೋದರೆಂದು ಸಾರಿಬಿಟ್ಟಿತು. ಖಾತೆ ನಿಜವಾದುದು, ಗುರುತು ನಿಜವಾದುದು, ಬರೆದವರು ಬದುಕಿದ್ದರು. ಮಾತು ಮಾತ್ರ ಸುಳ್ಳಾಯಿತು. ಮುಖ್ಯಮಂತ್ರಿಗಳಿಗೆ ಪತ್ರ ಬರೆದು ತಪ್ಪನ್ನು ತಿದ್ದಿಸುವ ಶಕ್ತಿಯುಂಟು. ಹೊನ್ನಾಳಿಯ ಒಬ್ಬ ಮೇಷ್ಟರ ಮಾತನ್ನು ಯಂತ್ರವು ಹೀಗೆ ತಿರುಚಿದರೆ, ಅಥವಾ ಕನ್ನಡದ ಗಾದೆಯೊಂದನ್ನು ಬೈಗುಳವೆಂದು ತಿಳಿದು ಅವರ ಖಾತೆಗೆ ಬೀಗ ಹಾಕಿದರೆ, ಅವರು ಯಾವ ಬಾಗಿಲನ್ನು ತಟ್ಟಬೇಕು? ಕರ್ನಾಟಕದಲ್ಲಿ ಲಾಭ ಮಾಡುವ ಪ್ರತಿಯೊಂದು ದೊಡ್ಡ ಸಂಸ್ಥೆಯೂ ಕನ್ನಡ ಬಲ್ಲ ಮನುಷ್ಯರಿಂದ ಕನ್ನಡ ಖಾತೆಗಳ ಅಹವಾಲನ್ನು ಕೇಳಿಸತಕ್ಕದ್ದೆಂದು ಸರ್ಕಾರದವರು ಹಟ ಹಿಡಿಯಲಿ. ಅಂಥ ಹಟಕ್ಕೆ ನಾವು ಬೆಂಬಲಿಗರು.

ಜಿಲ್ಲೆಯ ಅಧಿಕಾರಿಗಳು ತಮ್ಮ ಕೈಯಲ್ಲಿರುವ ಸುಲಭವಾದ ಕೆಲಸಗಳನ್ನೂ ಮಾಡಿಲ್ಲ. ಬ್ಯಾಂಕುಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕಿನವರು ಒಂದು ವಿವೇಕದ ಮಾರ್ಗವನ್ನು ತೋರಿಸಿರುವರು. ಎಲ್ಲ ಬ್ಯಾಂಕುಗಳೂ 2025ರ ಅಕ್ಟೋಬರ್ 31ರೊಳಗಾಗಿ ತಮ್ಮ ತಾಣದ ವಿಳಾಸವನ್ನು ಬ್ಯಾಂಕ್ ಡಾಟ್ ಇನ್ ಎಂಬ ಕೊನೆಯುಳ್ಳುದಾಗಿ ಬದಲಾಯಿಸಬೇಕೆಂದು ವಿಧಿಸಿದರು. ಆ ಕೊನೆಯನ್ನು ಬ್ಯಾಂಕಲ್ಲದವರಿಗೆ ಕೊಡುವುದಿಲ್ಲ. ಇಲ್ಲಿ ಕೋಟ್ಯಂತರ ಗ್ರಾಹಕರ ಗುರುತನ್ನು ಪರೀಕ್ಷಿಸುವ ಬದಲು, ನಂಬುಗೆಯನ್ನು ಬೇಡುವ ಸಂಸ್ಥೆಗೇ ಗುರುತು ಒಪ್ಪಿಸುವ ಹೊಣೆಯನ್ನು ಹೊರಿಸಿದರೆಂಬುದನ್ನು ಗಮನಿಸಬೇಕು. ಇದೇ ನ್ಯಾಯದಿಂದ ದಾವಣಗೆರೆಯ ಜಿಲ್ಲಾಡಳಿತ, ಪೋಲೀಸು ಇಲಾಖೆ, ಮಹಾನಗರಪಾಲಿಕೆ, ಹರಿಹರದ ನಗರಸಭೆ, ಇವರೆಲ್ಲರ ಅಧಿಕೃತ ಖಾತೆಗಳು ಯಾವುವೆಂಬ ಪಟ್ಟಿಯು ಕಚೇರಿಗಳ ಸೂಚನಾಫಲಕದ ಮೇಲೂ, ಗ್ರಾಮ ಪಂಚಾಯತಿಗಳ ಗೋಡೆಯ ಮೇಲೂ ದಪ್ಪಕ್ಷರಗಳಲ್ಲಿ ಇರಬೇಡವೇ? ತುಂಗಭದ್ರೆ ತುಂಬಿ ಹರಿಯುವ ದಿನಗಳಲ್ಲಿ ಸೇತುವೆ ಮುಚ್ಚಿತು, ಶಾಲೆಗೆ ರಜೆ ಎಂಬ ಪ್ರಕಟಣೆಗಳು ಜಿಲ್ಲಾಧಿಕಾರಿಗಳ ಹೆಸರಿನಲ್ಲಿ ಎಷ್ಟು ಬಗೆಯಾಗಿ ಓಡಾಡುವುವು! ಯಾವುದು ಅವರದು ಎಂದು ತಿಳಿಯಲು ಊರವರಿಗೆ ಒಂದು ಗೋಡೆಯನ್ನಾದರೂ ತೋರಿಸಿರಿ. ಹಣ ಕಳೆದುಕೊಂಡವರು ಕೂಡಲೇ 1930ಕ್ಕೆ ಕರೆ ಮಾಡಬೇಕೆಂಬ ಸಂಗತಿಯೂ ಅದೇ ಗೋಡೆಯ ಮೇಲೆ ಇರಲಿ. ಎಕ್ಸಿನವರು ಮಾಡಿರುವಂತೆ ಖಾತೆಯ ಜನ್ಮದಿನವನ್ನೂ ಹಳೆಯ ಹೆಸರುಗಳ ಲೆಕ್ಕವನ್ನೂ ತೋರಿಸುವುದು ಉಳಿದ ಸಂಸ್ಥೆಗಳಿಗೂ ಭಾರವಾದ ಕೆಲಸವೇನಲ್ಲ; ಅದರಿಂದ ಯಾರ ವಿಳಾಸವೂ ಬಯಲಾಗುವುದಿಲ್ಲ, ನೆನ್ನೆ ಹುಟ್ಟಿ ಇಂದು ಬೆಂಕಿ ಹಚ್ಚುವವನು ನೆನ್ನೆ ಹುಟ್ಟಿದವನೆಂದು ಮಾತ್ರ ತಿಳಿಯುವುದು.

ಪತ್ರಿಕೆಯವರಾದ ನಾವು ಉಪದೇಶ ಮಾಡಿ ಕೈತೊಳೆದುಕೊಳ್ಳುವಂತಿಲ್ಲ. ನಮ್ಮಲ್ಲಿಗೂ ಅಪರಿಚಿತರ ಪತ್ರಗಳು ದಿನವೂ ಬರುವುವು. ಹೆಸರನ್ನು ಅಚ್ಚುಮಾಡಕೂಡದೆಂದು ಬರೆಯುವವರು ಕೇಳಿದರೆ ಮಾಡುವುದಿಲ್ಲ. ಆದರೆ ಸಂಪಾದಕರಿಗೆ ಹೆಸರೂ ವಿಳಾಸವೂ ತಿಳಿದಿರಬೇಕೆಂಬುದು ಪತ್ರಿಕಾವೃತ್ತಿಯ ಹಳೆಯ ನಿಯಮ. ಕೆಲವು ವರ್ಷಗಳ ಕೆಳಗೆ ಈ ನಿಯಮವನ್ನು ನಾವೇ ಸಡಿಲಿಸಿ ಪೆಟ್ಟು ತಿಂದೆವು. ಹರಿಹರದ ವರ್ತಕರೊಬ್ಬರ ಹೆಸರೂ ಅಂಗಡಿಯ ವಿಳಾಸವೂ ಇದ್ದ ಪತ್ರವೊಂದು, ಅವರ ನೆರೆಯ ಅಂಗಡಿಯವರ ತೂಕದ ಮೇಲೆ ದೋಷಾರೋಪಣೆ ಮಾಡುತ್ತ ಬಂದಿತು. ಹೆಸರಿತ್ತು, ವಿಳಾಸವಿತ್ತು, ಕಾಗದದ ನೆತ್ತಿಯ ಮೇಲೆ ಅಂಗಡಿಯ ಮುದ್ರೆಯೂ ಇತ್ತು. ಅಚ್ಚು ಹಾಕಿದೆವು. ಮರುದಿನ ಆ ವರ್ತಕರು ಬಸ್ಸಿನಿಂದಿಳಿದು ನೇರವಾಗಿ ನಮ್ಮ ಕಚೇರಿಗೆ ಬಂದು, ಪತ್ರ ತಮ್ಮದಲ್ಲವೆಂದೂ, ಇಪ್ಪತ್ತು ವರ್ಷದ ನೆರೆಹೊರೆ ಒಂದು ಬೆಳಗಿನಲ್ಲಿ ಕೆಟ್ಟಿತೆಂದೂ ಹೇಳಿ, ಬೈಯದೆ ಕುರ್ಚಿಯ ಮೇಲೆ ಸುಮ್ಮನೆ ಕುಳಿತರು. ಮೊದಲನೆಯ ಪುಟದಲ್ಲಿ ತಪ್ಪೊಪ್ಪಿಗೆಯನ್ನು ಪ್ರಕಟಿಸಿದೆವು. ಎರಡು ಅಂಗಡಿಗಳ ಯಜಮಾನರೂ ಮಾತನಾಡುವಂತಾಗಲು ಒಂದು ವರ್ಷ ಹಿಡಿಯಿತು.

ಅಂದಿನಿಂದ ಯಾರ ಮೇಲಾದರೂ ದೋಷ ಹೊರಿಸುವ ಪತ್ರ ಬಂದರೆ, ಎಷ್ಟೇ ಪರಿಚಿತ ಹೆಸರಾಗಿರಲಿ, ನಮ್ಮವರಲ್ಲೊಬ್ಬರು ಸೈಕಲ್ಲಿನಲ್ಲಿಯೋ ಬಸ್ಸಿನಲ್ಲಿಯೋ ಹೋಗಿ ಬರೆದವರನ್ನು ಕಂಡು ಬರುವರು. ಇದರಿಂದ ಎರಡು ದಿನ ತಡವಾಗುವುದು. ಕೆಲವರು ಸಿಟ್ಟಾಗಿ ಪತ್ರವನ್ನು ಹಿಂದಕ್ಕೆ ಪಡೆದಿರುವುದೂ ಉಂಟು. ಹರಿಹರದ ಆ ವರ್ತಕರು ಈಗಲೂ ನಮ್ಮ ಚಂದಾದಾರರು. ಏನಾದರೂ ಬರೆದರೆ ಅಂಚೆಗೆ ಹಾಕುವುದಿಲ್ಲ, ಫೋನಿನಲ್ಲಿ ಕಳುಹಿಸುವುದಿಲ್ಲ. ಸೋಮವಾರ ಪೇಟೆಗೆ ಬಂದಾಗ ತಾವೇ ತಂದು ಮೇಜಿನ ಮೇಲಿಟ್ಟು, ನಾವು ಓದಿ ಮುಗಿಸುವವರೆಗೂ ನಿಂತಿರುವರು.